ಪಕ್ಕದವರ ಬೇಡಿಕೆ

ಈ ಮನುಷ್ಯ ಒಳಗೆ ಹೋಗಿ ತನ್ನದನ್ನೇ ಬೇಡಿಕೊಳ್ಳುತ್ತಾನೆ ಎಂದು ಹೊಲಿಗೆಯವಳಿಗೆ ಅವನ ಮುಖ ನೋಡಿದೊಡನೆ ಅನ್ನಿಸಿತು. ಕಣ್ಣು ಒಂದು ಕಡೆ ನಿಲ್ಲುತ್ತಿರಲಿಲ್ಲ. ಅಂಗಿಯ ಗುಂಡಿ ಅಡ್ಡಾದಿಡ್ಡಿ ಹಾಕಿಕೊಂಡಿದ್ದ.

ಆದರೆ ಅವಳ ಪಾಲಿಗೆ ಬಂದ ಜೋಡಿ ಅವನೇ. ಬೇಡವೆನ್ನುವಂತಿಲ್ಲ. ಆ ಊರಿನ ಸಂತರು ಬದುಕಿದ್ದಷ್ಟು ಕಾಲ ತಮಗೆಂದು ಯಾರನ್ನೂ ಏನೂ ಕೇಳಿದವರಲ್ಲ. ಹಾಗಾಗಿ ಅವರ ಸಮಾಧಿಯ ಮುಂದೆ ಯಾರೂ ತಮ್ಮದನ್ನು ಕೇಳಬಾರದು. ಸಾಲಿನಲ್ಲಿ ಪಕ್ಕಕ್ಕೆ ಬಂದವರ ಕಷ್ಟ ತಿಳಿದುಕೊಂಡು ಅದನ್ನೇ ಬೇಡಬೇಕು. ಅವರು ನಿಮ್ಮದನ್ನು ಬೇಡುತ್ತಾರೆ. ಕದ್ದುಮುಚ್ಚಿ ತಮ್ಮದನ್ನು ಬೇಡಿದವರಿಗೆ ಏನೂ ದಕ್ಕಿದ್ದಿಲ್ಲವಂತೆ.

“ಬೇಗ ಮಾತು ಮುಗಿಸ್ರಪ್ಪಾ, ಸಂಬಂಧ ಕುದುರಿಸೋಕೆ ಬಂದಿದ್ದೀರಾ?” ಎಂದು ಬಾಗಿಲು ಕಾಯುವ ಮುದುಕ ಗದರಿದ.

“ನೀವೇ ಮೊದ್ಲು ಹೇಳಿ ಅಕ್ಕ,” ಎಂದ ಅವನು. ಅವನೊಬ್ಬ ಬಸ್ ಡ್ರೈವರ್.

“ಒಬ್ಬನೇ ಮಗ. ಗುಂಡ ಅಂತ ಕರೀತೀವಿ. ಈಗ ಹೊದಿಕೆ ಹೊದಿಸಿದ್ರೆ ಒಳಗೆ ಯಾರಾದ್ರೂ ಇದಾರಾ ಅಂತ ಹುಡುಕ್ಬೇಕು. ಹೃದಯ ಪೂರ್ತಿ ಸೋತುಹೋಗಿದೆ. ಇವತ್ತೋ ನಾಳೆಯೋ ಅಂದ್ಬಿಟ್ಟಿದ್ದಾರೆ. ಅವನು ಎದ್ದು ಓಡಾಡೋ ಹಾಗಾಗ್ಲಿ ಅಂತ ಕೇಳ್ಕೊಳ್ಳಿ.”

ಬೆಳಿಗ್ಗೆ ಗಂಡ ಆಸ್ಪತ್ರೆಯಿಂದ ಫೋನ್ ಮಾಡಿ, “ಒಂದೇ ಒಂದು ದಾರಿ ಕಾಣ್ತಿದೆಯಂತೆ. ಸಂಜೆ ಒಳಗೆ ಹೇಳ್ತಾರಂತೆ,” ಎಂದಿದ್ದ. ಅದರ ಬಗ್ಗೆ ಮಾತ್ರ ಅವಳು ಬಾಯಿ ಬಿಡಲಿಲ್ಲ. ಯಾರ ಕಣ್ಣು ಹೇಗೋ ಏನೋ.

“ನಂದು ಮಗಳು,” ಎಂದ ಡ್ರೈವರ್. “ಸ್ಕೂಟರಿಂದ ಬಿದ್ಲು. ಮಲಗಿದೋಳು ಎದ್ದಿಲ್ಲ. ಕಿವೀಲಿ ಪೋಂ ಪೋಂ ಅಂತ ಹಾರ್ನ್ ಥರ ಕೂಗ್ದೆ. ಚಿಕ್ಕೋಳಿದ್ದಾಗ ಅದಕ್ಕೆ ಬಿದ್ದು ಬಿದ್ದು ನಗೋಳು. ಈಗ ರೆಪ್ಪೆನೂ ಅಲ್ಲಾಡ್ಲಿಲ್ಲ. ಇವತ್ತು ಕೊನೇ ಪರೀಕ್ಷೆ ಮಾಡ್ತಾರೆ. ಆಮೇಲೆ ನೀವೇ ಒಂದು ತೀರ್ಮಾನ ಹೇಳ್ಬೇಕು ಅಂತಾರೆ. ಏನು ಹೇಳ್ಲಿ ಅಕ್ಕ? ಕಣ್ಣು ಬಿಡ್ಲಿ ಅಂತ ಕೇಳಿ, ಸಾಕು.”

“ನೀವು ನಂದನ್ನೇ ಕೇಳ್ತೀರಿ ತಾನೇ?”

“ನಿಮ್ಮ ಮಗನಿಗೆ ಮೋಸ ಮಾಡಿದ್ರೆ ನನ್ನ ಮಗಳು ಉಳೀತಾಳಾ?”

ಒಳಗೆ ತಣ್ಣನೆಯ ಕಲ್ಲು. ಹಣೆ ಹಚ್ಚಿ ಹಚ್ಚಿ ಜನ ಅದರಲ್ಲೊಂದು ತಗ್ಗು ಮಾಡಿದ್ದರು. ಅವಳು ಹಣೆಯಿಟ್ಟಳು. ನಾಲಿಗೆಯ ತುದಿಗೆ ಗುಂಡನ ಹೆಸರೇ ಬಂತು, ಕಚ್ಚಿ ಹಿಡಿದಳು. ಮುಖ ಕಾಣದ ಹುಡುಗಿಗೆ ಹೇಗೆ ಬೇಡುವುದು? ಎಷ್ಟು ಯೋಚಿಸಿದರೂ ಆಕಾರ ಮೂಡಲಿಲ್ಲ. ಕೊನೆಗೆ ಮನಸ್ಸಿನಲ್ಲೇ ಗುಂಡನನ್ನು ಎತ್ತಿ ಪಕ್ಕಕ್ಕಿಟ್ಟು, ಅವನ ಮಂಚದ ಮೇಲೆ ಆ ಹುಡುಗಿಯನ್ನು ಮಲಗಿಸಿಕೊಂಡಳು. ಆಮೇಲೆ ಕಣ್ಣೀರು ತಾನಾಗಿ ಬಂತು. ‘ಈ ಮಗು ಕಣ್ಣು ಬಿಡಲಿ.’ ತಾನೇ ಹೆತ್ತ ಮಗಳಿಗೆ ಬೇಡುವಂತೆ, ಒಂದಿಷ್ಟೂ ಕಳ್ಳತನವಿಲ್ಲದೆ ಬೇಡಿದಳು.

ಹೊರಗೆ ಮೆಟ್ಟಿಲ ಮೇಲೆ ಡ್ರೈವರ್ ಕೂತಿದ್ದ. “ನಿಮ್ಮ ಗುಂಡನಿಗೋಸ್ಕರನೇ ಕೇಳ್ದೆ ಅಕ್ಕ. ದೇವರಾಣೆ,” ಎಂದ. ಅನುಮಾನ ಪಟ್ಟಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಬಿಸಿಲು ಇಳಿಯುವವರೆಗೂ ಇಬ್ಬರೂ ಅಲ್ಲೇ ಇದ್ದರು, ಎದ್ದು ಹೋಗಲು ಧೈರ್ಯ ಸಾಲದೆ. ಅವನ ಫೋನ್ ಬಡಿದುಕೊಂಡಿತು. ಆ ಕಡೆಯ ಹೆಂಗಸಿನ ಕಿರುಚಾಟ ಇವಳಿಗೂ ಕೇಳಿಸಿತು. “ಕಣ್ಣು ಬಿಟ್ಲು ರೀ! ಡಾಕ್ಟ್ರೇ ದಂಗಾಗಿ ನಿಂತಿದ್ದಾರೆ!”

ಅವನು ಅಷ್ಟು ಜನರೆದುರು ಹೊಲಿಗೆಯವಳ ಕಾಲು ಹಿಡಿದುಕೊಂಡ. “ಬಿಡಪ್ಪಾ, ಹುಚ್ಚಾ, ಓಡು ಮೊದ್ಲು ಮಗಳ ಹತ್ರ,” ಎಂದು ಎಬ್ಬಿಸಿದಳು. ನಗು ಬಂತು, ತಿಂಗಳುಗಟ್ಟಲೆ ಮರೆತುಹೋಗಿದ್ದ ನಗು. ತನ್ನ ಮಾತು ನಡೆಯಿತೆಂದರೆ ಅವನ ಮಾತೂ ನಡೆಯಲೇಬೇಕು.

ಅವನು ಬಸ್ಸಿನತ್ತ ಓಡುತ್ತಿದ್ದಂತೆ ಅವಳಿಗೂ ಫೋನ್ ಬಂತು.

“ಹೇಳ್ರೀ, ದಾರಿ ಸಿಕ್ತಾ?”

“ಇಲ್ಲ,” ಎಂದ ಗಂಡ.

“ಬೇರೆಯವರ ಹೃದಯ ತೆಗೆದು ಗುಂಡನಿಗೆ ಹಾಕ್ತೀವಿ ಅಂದಿದ್ರು ಕಣೇ. ನೀನು ಹೆದರ್ತೀಯ ಅಂತ ಹೇಳಿರ್ಲಿಲ್ಲ. ಸ್ಕೂಟರಿಂದ ಬಿದ್ದಿದ್ದ ಯಾವುದೋ ಹುಡುಗೀದು ಬರ್ಬೇಕಿತ್ತು… ಅವಳು ಈಗ ಕಣ್ಣು ಬಿಟ್ಲಂತೆ.”