ಹೊದಿಕೆ ತೆಗೆದ ದಿನ

"ಇದನ್ನ ತೆಗೆದು ತೋರಿಸು, ನಾನೇ ಮಾಡಿದ್ದು ಅನ್ನು, ಅಷ್ಟೇ ಕಣಮ್ಮಾ," ಎಂದು ಪಿಸುಗುಟ್ಟಿದ ಕೋದಂಡರಾಮಯ್ಯ ಮೇಷ್ಟರು, ತಾವೇ ರಚಿಸಿದ್ದ ವೆಬ್ ಪುಟದ ಫ್ಲಾಪಿಯನ್ನು ವಿದ್ಯಾರ್ಥಿನಿ ಬನಶಂಕರಿಯ ಅಂಗೈಗೆ ತುರುಕಿದರು. ಪ್ರಾಯೋಗಿಕ ಪರೀಕ್ಷೆಗೆಂದು ಬೆಂಗಳೂರಿನಿಂದ ಬಂದಿದ್ದ ಪರೀಕ್ಷಕರು ಕಿಟಕಿಯ ಬಳಿ ಕಾಫಿ ಹೀರುತ್ತಿದ್ದರು. ಧೂಳು ಕೂರುತ್ತದೆಂದು ವರ್ಷವಿಡೀ ಹೊದಿಕೆಯೊಳಗಿದ್ದ ಕಾಲೇಜಿನ ಕಂಪ್ಯೂಟರ್ ಇಂದು ಮಿನುಗುತ್ತಿತ್ತು. ಪಾಠವೆಲ್ಲ ಕರಿಹಲಗೆಯ ಮೇಲೆಯೇ ಮುಗಿದಿತ್ತು.

ಅವಳ ಮೈಯೆಲ್ಲ ಉರಿಯಿತು. ಕಲಿಸದ ವಿದ್ಯೆಗೆ ಪರೀಕ್ಷೆ ನಡೆಸುವುದೇ ಅನ್ಯಾಯ; ಅದಕ್ಕೆ ಸುಳ್ಳಿನ ಉತ್ತರ ಬೇರೆ! ಒಪ್ಪಿದರೆ ಪಾಸು, ಒಪ್ಪದಿದ್ದರೆ ಒಂದು ವರ್ಷ ಮಣ್ಣುಪಾಲು. ಫ್ಲಾಪಿಯನ್ನು ಮೇಷ್ಟರೆದುರೇ ಮೇಜಿನ ಮೇಲಿಟ್ಟು, ಕರಿಹಲಗೆ ನೋಡಿ ಬಾಯಿಪಾಠ ಮಾಡಿದ್ದ ವೆಬ್ ಪುಟದ ಸಾಲುಗಳನ್ನು ತಾನೇ ಟೈಪ್ ಮಾಡತೊಡಗಿದಳು. ಕೀಲಿಗಳ ಮೇಲಿನ ಅಕ್ಷರಗಳು ಕಲಿತ ಎ, ಬಿ, ಸಿ ಕ್ರಮದಲ್ಲಿರಲಿಲ್ಲ. ಒಂದೊಂದನ್ನೂ ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಹುಡುಕಬೇಕಾಯಿತು. ಹೊತ್ತು ಮುಗಿದಾಗ ಪರದೆಯ ಮೇಲೆ ಪುಟದ ತಲೆಬರಹಕ್ಕಿಟ್ಟ ಅವಳ ಊರಿನ ಹೆಸರೊಂದೇ ಮೂಡಿತ್ತು.

"ಏನಮ್ಮಾ, ಇದನ್ನ ಯಾವತ್ತೂ ಮುಟ್ಟೇ ಇಲ್ವಾ ನೀನು?" ಪರೀಕ್ಷಕರು ನಕ್ಕರು.

"ಹುಡುಗಿ ಸ್ವಲ್ಪ ಹೆದರಿದಾಳೆ ಸಾರ್," ಎಂದು ಮೇಷ್ಟರು ನಡುವೆ ಬಂದರು.

"ಹೆದರಿಲ್ಲ ಸಾರ್. ಒಂದ್ಸಲ ಮುಟ್ಟಿದೀನಿ, ಆಯುಧಪೂಜೆ ದಿನ, ಕುಂಕುಮ ಇಡೋಕೆ." ಬನಶಂಕರಿ ಪರೀಕ್ಷಕರತ್ತ ತಿರುಗಿದಳು. "ದೊಡ್ಡಬಳ್ಳಾಪುರದಲ್ಲಿ ನಮ್ಮನೆ ಮಗ್ಗಕ್ಕೂ ಪೂಜೆ ಮಾಡ್ತೀವಿ ಸಾರ್. ಆದ್ರೆ ಮಾರನೇ ದಿನ ಓಡಿಸ್ತೀವಿ."