ಹಲ್ಲಿನ ಡಾಕ್ಟರು ಕೊಂಡ ಫಿರಂಗಿ

"ಇದನ್ನ ಎತ್ತೋಕೆ ಗಂಡಸರಿಗೇ ಏದುಸಿರು ಬರುತ್ತೆ ಡಾಕ್ಟ್ರಮ್ಮ. ನಿಮಗ್ಯಾಕೆ ಈ ಉಸಾಬರಿ?" ಎಂದರು ಹೋಂಗ್, ಬೂದುಗುಂಬಳದ ತಣ್ಣನೆ ಚಹಾ ಹೀರುತ್ತಾ. ಕ್ಯಾಮರಾ ಅಂಗಡಿಯ ಬಾಗಿಲಲ್ಲೇ ಟ್ರೈಪಾಡ್ ಊರಿಕೊಂಡು, ಹೋಗಿಬರುವವರಿಗೆಲ್ಲ ಬಿಟ್ಟಿ ಬುದ್ಧಿ ಹೇಳುವುದು ಅವರ ನಿತ್ಯದ ಕಾಯಕ.

ಲೆನ್ಸ್ ಕೊಳ್ಳಲು ಬಂದಿದ್ದವರು ತು ಪೇಜುನ್. ತೈನಾನ್ ಪೇಟೆಯ ಅರ್ಧದಷ್ಟು ಬಾಯಿಗಳ ಒಳಗುಟ್ಟು ಬಲ್ಲ ಹಲ್ಲಿನ ಡಾಕ್ಟರು. ಹೋದ ತಿಂಗಳಷ್ಟೇ ಕ್ಲಿನಿಕ್ಕಿಗೆ ಬೀಗ ಹಾಕಿ, ಬೇಸಿಗೆಗೆ ಬೆಟ್ಟದಲ್ಲಿ ಗೂಡು ಕಟ್ಟುವ ನವರಂಗ ಹಕ್ಕಿಯ ಫೋಟೊ ತೆಗೆಯಬೇಕೆಂದು ಹೊರಟಿದ್ದರು. ಅಂಗಡಿಯ ಗಾಜಿನ ಬೀರುವಿನಲ್ಲಿ ಎರಡು ಲೆನ್ಸುಗಳಿದ್ದವು. ಒಂದು ಚಿಕ್ಕದು, ಹಗುರ. ಇನ್ನೊಂದು ಈ ಊರಿನವರು ಫಿರಂಗಿ ಎಂದೇ ಕರೆಯುವಂಥ ಉದ್ದನೆಯದು. ಒಂದು ಹಳೆಯ ಕಾರಿಗೆ ಕೊಡುವಷ್ಟು ದುಡ್ಡು ಸುರಿಯಬೇಕು ಅದಕ್ಕೆ. ವರ್ಷದಿಂದ ಯಾರೂ ಮುಟ್ಟಿರಲಿಲ್ಲ.

ಆದರೆ ಅಂಗಡಿ ಯಜಮಾನ ಲ್ಯಾವ್‌ನ ಜೀವ ಆ ಹೊತ್ತು ವ್ಯಾಪಾರದಲ್ಲಿರಲಿಲ್ಲ, ಬಾಗಿಲ ಹೊರಗೆ ಜಗಲಿಯ ಚಾವಣಿಯಲ್ಲಿತ್ತು. ಅಲ್ಲಿ ಅಂಬರಗುಬ್ಬಿಯ ಗೂಡು. ಕೆಲವು ವರ್ಷ ಮುನಿಸಿಕೊಂಡಂತೆ ಬಾರದೇ ಇದ್ದ ಹಕ್ಕಿಗಳು ಈ ಸಲ ಮರಳಿ ಬಂದಾಗ ಅವನು ಹಿಗ್ಗಿಹೋಗಿದ್ದ. ಹಿಕ್ಕೆ ಗಿರಾಕಿಗಳ ತಲೆಯ ಮೇಲೆ ಬೀಳದಿರಲೆಂದು ತಾನೇ ಏಣಿ ಹತ್ತಿ ಗೂಡಿನ ಕೆಳಗೆ ರಟ್ಟು ಕಟ್ಟಿದ್ದ. ಮರಿ ಆದದ್ದೇ ತಡ, ಕಾಟ ಶುರುವಾಯಿತು. ಲೆನ್ಸ್ ಪರೀಕ್ಷಿಸಲು ಬಂದವರೆಲ್ಲ ಗೂಡಿನ ಬುಡಕ್ಕೇ ಬಂದು ನಿಲ್ಲುವವರು. ಇಂದಂತೂ ಹೋಂಗ್ ಬೆಳಗಿನಿಂದ ಅಲ್ಲಿಂದ ಕದಲಿರಲಿಲ್ಲ. ತಾಯಿಹಕ್ಕಿ ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಎದುರಿನ ತಂತಿಯ ಮೇಲೆ ಕೂತೇ ಇತ್ತು. ಹಸಿದ ಮರಿಗಳ ಸದ್ದು ಅಡಗಿಹೋಗಿತ್ತು. ಆಚೆ ಸರಿಯಿರಿ ಎನ್ನೋಣವೆಂದರೆ ಹೋಂಗ್ ಹಳೆಯ ಗಿರಾಕಿ, ಮುನಿದರೆ ಇನ್ನೂ ಹತ್ತು ಜನರನ್ನು ಎಳೆದುಕೊಂಡು ಪಕ್ಕದ ಅಂಗಡಿಗೆ ಹೋಗುವ ಆಸಾಮಿ. ಲ್ಯಾವ್‌ಗೆ ಬಿಸಿತುಪ್ಪ ಬಾಯಲ್ಲಿ ಇಟ್ಟುಕೊಂಡಂತಾಗಿತ್ತು.

"ಮೊದಲು ಚಿಕ್ಕದು ಕೊಡಿ ಯಜಮಾನ್ರೆ," ಎಂದರು ಡಾಕ್ಟರು. ತಮ್ಮ ಕ್ಯಾಮರಾಗೆ ಅದನ್ನು ಕೂಡಿಸಿಕೊಂಡು ಹೊರಗೆ ಬಂದರು.

ಲೆನ್ಸ್ ಕೈಗೆ ಬಂದವರೆಲ್ಲ ಹಕ್ಕಿ ಕಂಡೊಡನೆ ಒಂದು ಹೆಜ್ಜೆ ಮುಂದಿಡುವುದನ್ನೇ ಲ್ಯಾವ್ ಇಷ್ಟು ವರ್ಷ ನೋಡಿದ್ದ. ಈಯಮ್ಮ ಹಿಂದಕ್ಕೆ ಇಟ್ಟರು. ಗೂಡನ್ನೊಮ್ಮೆ, ತಂತಿಯ ಮೇಲಿನ ತಾಯಿಯನ್ನೊಮ್ಮೆ ನೋಡುತ್ತಾ ಸ್ಕೂಟರುಗಳ ನಡುವೆ ರಸ್ತೆ ದಾಟಿದರು. ಅಲ್ಲೂ ನಿಲ್ಲದೆ ಎದುರು ಓಣಿಯೊಳಗೆ ಹೊಕ್ಕರು.

"ಹೀಗೇ ಹೋದ್ರೆ ಸಮುದ್ರ ಸಿಗುತ್ತೆ ಡಾಕ್ಟ್ರಮ್ಮ!" ಎಂದು ಹೋಂಗ್ ಕೂಗಿದರು.

ಡಾಕ್ಟರು ಕೈಬೀಸಿ ಲ್ಯಾವ್‌ನನ್ನು ಕರೆದರು. "ಇಲ್ಲಿಂದ ಗೂಡು ಸಾಸಿವೆ ಕಾಳಷ್ಟು ಕಾಣುತ್ತೆ. ಆ ದೊಡ್ಡದು ತನ್ನಿ."

ಲ್ಯಾವ್ ಫಿರಂಗಿಯನ್ನು ಮಗುವಿನಂತೆ ಅವುಚಿಕೊಂಡು ಬಂದ. ಒಳ್ಳೆಯ ಮನುಷ್ಯ, ಸುಮ್ಮನೆ ಮಾರಲು ಮನಸ್ಸು ಬರಲಿಲ್ಲ. "ಸುಮ್ನೆ ಅಷ್ಟೊಂದು ದುಡ್ಡು ಯಾಕೆ ಡಾಕ್ಟ್ರೆ? ಇನ್ನೊಂದು ಸ್ವಲ್ಪ ಹತ್ತಿರ ಹೋದ್ರೆ ಚಿಕ್ಕದೇ ಸಾಕಾಗುತ್ತೆ."

"ಹತ್ತಿರ ಹೋಗೋದಾದ್ರೆ ಲೆನ್ಸ್ ಯಾಕೆ? ಕಾಲಿದೆಯಲ್ಲ," ಎಂದರು ಡಾಕ್ಟರು. ಆಮೇಲೆ ದನಿ ತಗ್ಗಿಸಿ, "ಆ ತಾಯಿ ಯಾಕೆ ಗೂಡಿಗೆ ಹೋಗ್ತಿಲ್ಲ ಅಂತ ನಿಮಗೂ ಗೊತ್ತಲ್ವಾ?" ಎಂದರು.

"ಗೊತ್ತು. ಹೇಳೋಕೆ ನಾಲಿಗೆ ಬರ್ತಿಲ್ಲ."

"ಹೇಳ್ಬೇಡಿ. ನೋವಾಗದ ಹಾಗೆ ಕೀಳೋದೇ ನನ್ನ ಕಸುಬು," ಎಂದವರೇ ರಸ್ತೆಯತ್ತ ತಿರುಗಿ ದನಿ ಎತ್ತಿದರು. "ಹೋಂಗಣ್ಣ, ನೀವು ಹೇಳಿದ್ದೇ ನಿಜ. ಇದು ನನ್ನ ಕೈಲಿ ಆಗೋ ಕೆಲಸ ಅಲ್ಲ, ಗಂಡಸರೇ ಬೇಕು. ನಿಮ್ಮ ಟ್ರೈಪಾಡೂ ತನ್ನಿ."

ಹೋಂಗ್ ಎದೆಯುಬ್ಬಿಸಿಕೊಂಡು, ಟ್ರೈಪಾಡನ್ನು ಹೆಗಲಿಗೇರಿಸಿ ಬಂದರು. "ಹೇಳಿರಲಿಲ್ವಾ ನಾನು!" ಎನ್ನುತ್ತಲೇ ಅದನ್ನು ಓಣಿಯಲ್ಲಿ ಊರಿ, ಫಿರಂಗಿಯನ್ನು ಕೂರಿಸಿ, ತಿರುಪು ಬಿಗಿದರು. ಜಗಲಿ ಖಾಲಿಯಾಯಿತು. ತಂತಿಯ ಮೇಲಿನ ತಾಯಿಹಕ್ಕಿ ಕತ್ತು ಕೊಂಕಿಸಿ ಅತ್ತಿತ್ತ ನೋಡಿತು, ಒಂದು ಸುತ್ತು ಹಾಕಿತು, ಆಮೇಲೆ ಸರ್ರನೆ ಚಾವಣಿಯೊಳಗೆ ನುಗ್ಗಿತು.

ಡಾಕ್ಟರು ಕ್ಲಿಕ್ಕಿಸಲಿಲ್ಲ. ನೋಡಿದರು, ಕಣ್ಣೊರೆಸಿಕೊಂಡರು, ಹೋಂಗ್‌ಗೆ ಜಾಗ ಬಿಟ್ಟುಕೊಟ್ಟರು. ಹೋಂಗ್ ಬಗ್ಗಿ ಕಣ್ಣಿಟ್ಟವರು ಬಹಳ ಹೊತ್ತು ಏಳಲಿಲ್ಲ. ಅಷ್ಟು ದೂರದಿಂದಲೂ ಐದು ಹಳದಿ ಬಾಯಿಗಳು ಗಂಟಲಿನ ತನಕ ಕಾಣುತ್ತಿದ್ದವು.

"ಬೆಳಿಗ್ಗೆಯಿಂದ ಅಲ್ಲೇ ಬುಡದಲ್ಲಿ ನಿಂತಿದ್ದೆನಲ್ಲ," ಎಂದರು ಹೋಂಗ್, ತಮಗೆ ತಾವೇ ಹೇಳಿಕೊಂಡಂತೆ. "ಒಂದು ಸಲಾನೂ ಹೀಗೆ ಬಾಯಿ ತೆಗೀಲಿಲ್ಲ."

"ಇದನ್ನೇ ಕೊಡಿ ಯಜಮಾನ್ರೆ," ಎಂದು ಡಾಕ್ಟರು ಫಿರಂಗಿಯ ಬೆನ್ನು ಸವರಿದರು. ಆಮೇಲೆ ಹೋಂಗ್ ಕಡೆ ನೋಡಿ ನಕ್ಕರು.

"ನಾನೂ ನಲವತ್ತು ವರ್ಷ ಜನರ ಮುಖಕ್ಕೆ ಮುಖ ಒಡ್ಡಿ, 'ಬಾಯಿ ತೆಗೀರಿ, ಬಾಯಿ ತೆಗೀರಿ' ಅಂತ ಅಂಗಲಾಚಿದೆ ಹೋಂಗಣ್ಣ. ದೂರ ಹೋಗಿ ನಿಂತ್ರೆ ತಾವಾಗೇ ತೆಗೀತಾರೆ ಅಂತ ಯಾರೂ ಹೇಳಲೇ ಇಲ್ಲ ನೋಡಿ."