ಗಂಟು ನೋಡುವವಳು

ಶುಕ್ರವಾರ ಬೆಳಗಿನ ಓಟ ಮುಗಿಸಿ ಬಂದವರೆಲ್ಲ ಊಟದ ಚಪ್ಪರದ ಹಲಗೆಯ ಮುಂದೆ ಮುಗಿಬಿದ್ದರು. ಭಾನುವಾರ ಪಾಲಕರ ಎದುರು ಬಂಡೆ ಹತ್ತುವವರ ಪಟ್ಟಿಯನ್ನು ಮಂದಾರ ಸರ್ ಅಂಟಿಸಿದ್ದರು. ಮೊದಲ ಹೆಸರು ಸ್ಪಂದನಾ. ಎರಡನೆಯದು ಶೈಲಶ್ರೀ. ಶೈಲಶ್ರೀ ಪಟ್ಟಿಯನ್ನು ಮೂರು ಸಲ ಓದಿದಳು. ಓದಿದರೆ ಹೆಸರು ಮೇಲೆ ಕೆಳಗೆ ಆಗುತ್ತದೆಯೇ? ಮೊದಲು ಹತ್ತುವವಳು ತಾನೇ ಎಂದು ಅವಳು ಹೋದ ವಾರವೇ ಫೋನಿನಲ್ಲಿ ಅಪ್ಪನಿಗೆ ಹೇಳಿಬಿಟ್ಟಿದ್ದಳು.

ಪುಣೆಯಿಂದ ಒಂದೂವರೆ ತಾಸಿನ ದಾರಿಯ ಈ ಗುಡ್ಡದ ಶಾಲೆಯಲ್ಲಿ ಎರಡು ವರ್ಷ ಅವಳದೇ ರಾಜ್ಯ. ಓಟದಲ್ಲಿ ಅವಳು ಮುಂದು, ಬಂಡೆಯಲ್ಲಿ ಅವಳು ಮುಂದು, ಅಡುಗೆಯ ಸರದಿಯಲ್ಲಿ ಭಕ್ಕರಿ ತಟ್ಟುವುದರಲ್ಲೂ ಅವಳೇ ಮುಂದು. ಜೂನ್‌ನಲ್ಲಿ ಪುಣೆಯ ಕೋಥರೂಡದಿಂದ ಸ್ಪಂದನಾ ಬಂದಳು. ಬೆಂಗಳೂರಿನವರ ಮಗಳು, ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದವಳಲ್ಲ. ಎರಡೇ ತಿಂಗಳಲ್ಲಿ ಹಲ್ಲಿಯ ಹಾಗೆ ಬಂಡೆಗೆ ಅಂಟಿಕೊಂಡು ಏರತೊಡಗಿದಳು. ಅದೂ ಹೋಗಲಿ, ಹುಟ್ಟಿದಾಗಿನಿಂದ ಜೋಳದ ಹಿಟ್ಟು ಮುಟ್ಟದವಳು ಹೋದ ವಾರ ತಟ್ಟಿದ ಭಕ್ಕರಿ ದುಂಡಗೆ ಉಬ್ಬಿತು. ಅವತ್ತು ಶೈಲಶ್ರೀಗೆ ಊಟ ಸೇರಲಿಲ್ಲ.

ಶಾಲೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಸೊಂಟಕ್ಕೆ ಕಟ್ಟಿಕೊಂಡ ಹಗ್ಗದ ಗಂಟು ಸರಿಯಿದೆ ಎಂದು ಕಟ್ಟಿಕೊಂಡವರೇ ಹೇಳುವಂತಿಲ್ಲ. ಕೆಳಗೆ ನಿಂತು ಹಗ್ಗ ಹಿಡಿಯುವವರು ಗಂಟಿನ ಮೇಲೆ ಬೆರಳಾಡಿಸಿ, ‘ಬಘಿತ್ಲಂ’ ಎಂದು ಮರಾಠಿಯಲ್ಲಿ ಗಟ್ಟಿಯಾಗಿ ಹೇಳಬೇಕು, ನೋಡಿದೆ ಎಂದು. ಆಮೇಲೆಯೇ ಹತ್ತುವವರ ಕಾಲು ನೆಲ ಬಿಡಬೇಕು. ಸ್ಪಂದನಾಳ ಗಂಟು ನೋಡುವ ಪಾಳಿ ಬಂದಾಗಲೆಲ್ಲ ಶೈಲಶ್ರೀ ಪೊಲೀಸರು ಮನೆ ಜಪ್ತಿ ಮಾಡುವ ಹಾಗೆ ನೋಡುತ್ತಿದ್ದಳು. ಒಮ್ಮೆ ಗಂಟಿನಿಂದ ಹೊರಗೆ ಒಂದು ಗೇಣು ಉಳಿಯಬೇಕಾದ ಹಗ್ಗದ ತುದಿ ನಾಲ್ಕು ಬೆರಳು ಕಡಿಮೆ ಇತ್ತು. ಅದನ್ನು ಸಾಲಿನ ಕೊನೆಯವರಿಗೂ ಕೇಳುವಂತೆ ಸಾರಿದಳು. ಸ್ಪಂದನಾ ‘ಥ್ಯಾಂಕ್ಸ್ ಕಣೇ’ ಎಂದು ತಣ್ಣಗೆ ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಆ ತಣ್ಣಗಿನ ಮಾತಿಗೂ ಇವಳ ಮೈ ಉರಿಯಿತು.

ಭಾನುವಾರ ಶೈಲಶ್ರೀಯ ಅಪ್ಪ, ಪಿಂಪ್ರಿಯ ಬಟ್ಟೆ ವ್ಯಾಪಾರಿ ಮುರುಗೆಪ್ಪ, ಮಗಳು ಮೊದಲು ಹತ್ತುವುದನ್ನು ನೋಡಲೆಂದು ಪಕ್ಕದ ಅಂಗಡಿಯವರನ್ನೂ ಕಾರಿನಲ್ಲಿ ತುಂಬಿಕೊಂಡು, ಶೇಂಗಾ ಹೋಳಿಗೆಯ ಡಬ್ಬಿಯೊಡನೆ ಬಂದಿಳಿದ. ಅಪ್ಪನ ಕಣ್ಣಿಗೆ ಬೀಳದಂತೆ ಶೈಲಶ್ರೀ ಸಾಲಿನಲ್ಲಿ ಕುಗ್ಗಿ ನಿಂತಳು. ಕೆಳಗೆ ಹಗ್ಗ ಯಾರು ಹಿಡಿಯಬೇಕು, ನೀನೇ ಹೇಳು ಎಂದು ಮಂದಾರ ಸರ್ ಸ್ಪಂದನಾಳನ್ನು ಕೇಳಿದರು. ಅವಳ ಜೀವದ ಗೆಳತಿ ಅನುಜಾ ಆಗಲೇ ಕೈಗವಸು ಹಾಕಿಕೊಳ್ಳುತ್ತಿದ್ದಳು. ಸ್ಪಂದನಾ ಬೆರಳು ತೋರಿಸಿದ್ದು ಶೈಲಶ್ರೀಯ ಕಡೆ.

ಗಾಯದ ಮೇಲೆ ಉಪ್ಪು ಸವರುವುದೆಂದರೆ ಇದೇ. ಅಪ್ಪನ ಎದುರು ತನ್ನನ್ನು ಕೆಳಗೆ ನಿಲ್ಲಿಸಿ ಅವಳು ಮೇಲೆ ಹೋಗಬೇಕು, ಅಲ್ಲವೇ? ಶೈಲಶ್ರೀ ಹತ್ತಿರ ಹೋಗಿ ಹಲ್ಲು ಕಚ್ಚಿ ಕೇಳಿದಳು.

“ನನ್ನ ಯಾಕ ಕರದಿ? ಅನುಜಾ ಇದ್ಲಲ್ಲ.”

“ಅನುಜಾ ನನ್ ಫ್ರೆಂಡು. ಏನೋ ಜೋಕ್ ಮಾಡ್ತಾ ಗಂಟು ಮುಟ್ಟಿ ‘ಬಘಿತ್ಲಂ’ ಅಂದ್ಬಿಡ್ತಾಳೆ.” ಸ್ಪಂದನಾ ತಲೆ ಎತ್ತಿ ಬಂಡೆಯ ತುದಿಯನ್ನೊಮ್ಮೆ ನೋಡಿದಳು. “ನಂಗೆ ಎತ್ತರ ಅಂದ್ರೆ ಇವತ್ತಿಗೂ ಭಯ ಕಣೇ.”

“ಮತ್ತ ನಾ?”

“ನೀನು ಎಲ್ಲಾದ್ರೂ ತಪ್ಪು ಸಿಗ್ಲಿ ಅಂತ ಹುಡುಕ್ತೀಯ. ನನ್ ಗಂಟನ್ನ ಅಷ್ಟು ಚೆನ್ನಾಗಿ ನೋಡೋರು ಈ ಸ್ಕೂಲಲ್ಲಿ ಬೇರೆ ಯಾರಿದ್ದಾರೆ?”

ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ತಿರುಗಿ ಒಂದು ಮಾತು ಎಸೆಯಬಹುದಿತ್ತು. ಕದ್ದು ಬೆಲ್ಲ ತಿನ್ನುವಾಗ ಸಿಕ್ಕಿಬಿದ್ದವಳಂತೆ ಶೈಲಶ್ರೀಯ ಮುಖ ಕೆಂಪಾಯಿತು. ಸ್ಪಂದನಾಳಿಗೆ ಎಲ್ಲವೂ ಗೊತ್ತಿತ್ತು, ಮೊದಲಿನಿಂದಲೂ. ಹಾಗೆಂದು ಹೊಟ್ಟೆಕಿಚ್ಚು ಆರಿತು ಎಂದುಕೊಳ್ಳಬೇಡಿ. ಅದು ಇನ್ನೂ ಒಂದು ಕೈ ಮೇಲಾಯಿತು. ಶೈಲಶ್ರೀ ಮಂಡಿಯೂರಿ ಕುಳಿತು ಗಂಟಿನ ಒಂದೊಂದು ಎಳೆಯನ್ನೂ ಬೆರಳಿನಿಂದ ಹಿಂಬಾಲಿಸಿದಳು. ತುದಿ ಸರಿಯಾಗಿ ಒಂದು ಗೇಣಿತ್ತು. ಮತ್ತೊಮ್ಮೆ ನೋಡಿದಳು. ಮೂರನೆಯ ಸಲವೂ ತಪ್ಪು ಸಿಗಲಿಲ್ಲ.

“ಬಘಿತ್ಲಂ,” ಎಂದಳು.

ಸ್ಪಂದನಾ ಏರತೊಡಗಿದಳು. ಅವಳ ಸೊಂಟದ ಹಗ್ಗ ಬಂಡೆಯ ನೆತ್ತಿಯ ಕೊಂಡಿಯಲ್ಲಿ ಹಾಯ್ದು ಕೆಳಗೆ ಶೈಲಶ್ರೀಯ ಕೈಗೆ ಬಂದಿತ್ತು. ಅವಳು ಒಂದು ಮೊಳ ಏರಿದರೆ ಇವಳು ಒಂದು ಮೊಳ ಹಗ್ಗ ಎಳೆದುಕೊಂಡು ಬಿಗಿಹಿಡಿಯಬೇಕು. ಅರ್ಧ ದಾರಿಯಲ್ಲಿ ಅವಳ ಕಾಲು ಜಾರಿತು. ಪಾಲಕರ ಸಾಲಿನಲ್ಲಿ ಯಾರೋ ‘ಅಯ್ಯೋ’ ಎಂದರು. ಹಗ್ಗ ಒಮ್ಮೆ ಜಗ್ಗಿತು. ಶೈಲಶ್ರೀಯ ಕೈ ಅಲುಗಲಿಲ್ಲ. ಮೇಲಿನವಳು ಗೇಣಷ್ಟೂ ಕೆಳಗೆ ಬಾರದೆ ಬಂಡೆಯ ಬಿರುಕನ್ನು ಮತ್ತೆ ಹಿಡಿದಳು. ಮಂದಾರ ಸರ್ ಚಪ್ಪಾಳೆ ತಟ್ಟಿದ್ದು ಮೇಲಿನವಳಿಗೋ ಕೆಳಗಿನವಳಿಗೋ ತಿಳಿಯಲಿಲ್ಲ.

ಆಗಲೇ ಮುರುಗೆಪ್ಪ ಡಬ್ಬಿ ಹಿಡಿದು ಮಗಳ ಬೆನ್ನ ಹಿಂದೆ ಬಂದು ನಿಂತ.

“ಏನವ್ವಾ ಶೈಲಾ, ಮೊದಲ ನೀ ಹತ್ತಾಕಿ ಅಂದಿದ್ದಿ. ಇಲ್ಲೆ ಕೆಳಗ ಹಗ್ಗಾ ಹಿಡಕೊಂಡು ನಿಂತೀಯಲ್ಲ? ಇತ್ತ ಹೊಳ್ಳಿ ನೋಡು.”

ಶೈಲಶ್ರೀ ಹೊರಳಲಿಲ್ಲ.

“ಆಮ್ಯಾಲ ಪಪ್ಪಾ. ಎರಡು ತಿಂಗಳಾತು, ಆಕಿ ಮ್ಯಾಲಿಂದ ನಾ ಕಣ್ಣ ತಗದಿಲ್ಲ. ಈಗ ತಗದ್ರ ಹೆಂಗ?”